ಬುಟ್ಟಿಯಲ್ಲಿ ಆರು ಕಡಿಮೆ

ಚಿಗವ್ವ ನಮ್ಮ ಮನೆ ಬಿಟ್ಟು ಹೋಗಬೇಕು ಎಂಬುದೊಂದೇ ಒಂಬತ್ತನೇ ತರಗತಿಯಲ್ಲಿ ನನಗಿದ್ದ ಆಸೆ. ಅದಕ್ಕಾಗಿ ನಾನು ಹರಕೆ ಹೊರಲಿಲ್ಲ, ಜಗಳ ತೆಗೆಯಲಿಲ್ಲ. ಇನ್ನೂರು ಪುಟದ ಒಂದು ನೋಟುಬುಕ್ಕಿಗೆ ಗೆರೆ ಹಾಕಿದೆ.

ಚಿಗವ್ವ ಎಂದರೆ ನಮ್ಮ ಕಾಕಾನ ಹೆಂಡತಿ, ಹರಪನಹಳ್ಳಿಯವಳು. ಕೊಟ್ಟೂರಿನ ನಮ್ಮ ಮನೆಯಲ್ಲಿ ಆಗ ಏಳು ಜನ: ಅಜ್ಜಿ, ಅಪ್ಪ, ಅವ್ವ, ಕಾಕಾ, ಚಿಗವ್ವ, ನಾನು, ನನ್ನ ತಮ್ಮ. ಅಡುಗೆಮನೆ ಒಂದೇ, ಒಲೆ ಎರಡು. ಎರಡು ಒಲೆಗಳ ನಡುವೆ ಮೂರು ಮೊಳ ಜಾಗ. ಅದರ ಆಚೆ ಈಚೆ ಕೂತು ಅವ್ವ ಮತ್ತು ಚಿಗವ್ವ ನಾಲ್ಕು ವರ್ಷ ಒಬ್ಬರಿಗೊಬ್ಬರು ಮಾತಾಡದೆ ರೊಟ್ಟಿ ಬಡಿದರು.

ಮಾತಾಡದೆ ಎಂದರೆ ಮುಖ ನೋಡಿ ಮಾತಾಡದೆ. ಅನ್ನಬೇಕಾದ್ದನ್ನೆಲ್ಲ ಹಂಚಿಗೂ ಬೆಕ್ಕಿಗೂ ಅನ್ನುತ್ತಿದ್ದರು.

"ಏ ಹಂಚೇ, ಕಾಯಾಕ ಎಷ್ಟೊತ್ತು ಬೇಕಲೇ ನಿನಗ? ನಿನ್ನೂ ಹರಪನಹಳ್ಳಿ ಸಂತ್ಯಾಗ ತಂದಾರೇನು?" ಎಂದು ಅವ್ವ.

ಚಿಗವ್ವ ಬೆಕ್ಕಿನ ಕಡೆ ತಿರುಗುತ್ತಿದ್ದಳು. "ಕೇಳಿದ್ಯಾ ತಾಯಿ? ನಮ್ಮೂರ ಹಂಚು ಕಾದ್ರೆ ರೊಟ್ಟಿ ಉಬ್ಬುತ್ತೆ. ಇಲ್ಲಿ ಬರೇ ಹೊಗೆ ಬರುತ್ತೆ."

"ಹಿಟ್ಟು ಒಣಗತೈತಿ, ಬಾಯಿ ಮುಚ್ಚಿ ಕೈ ಆಡಸ್ರಿ," ಎಂದು ಅಜ್ಜಿ ಪಡಸಾಲೆಯಿಂದ ಕೂಗುತ್ತಿದ್ದಳು. ಬೆಕ್ಕು ಮಾತ್ರ ಇಬ್ಬರ ಬಳಿಯೂ ಹಾಲು ಕುಡಿದು ದಪ್ಪಗಾಯಿತು.

ಈ ಹಗೆ ಹುಟ್ಟಿದ್ದು ಒಂದು ರೊಟ್ಟಿಯಿಂದ. ಅವ್ವನ ತಮ್ಮ, ನನ್ನ ಸೋದರಮಾವ, ತಂಬ್ರಹಳ್ಳಿಯಿಂದ ಬಂದು ಕೊಟ್ಟೂರಿನ ಮಾರುಕಟ್ಟೆಯಲ್ಲಿ ತೂಕದ ಕೆಲಸಕ್ಕೆ ಸೇರಿದ್ದ. ಗಿರಣಿಯ ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದಿದ್ದ. ಹೋಟೆಲಿನ ಊಟ ಅವನ ಹೊಟ್ಟೆಗೆ ಆಗುತ್ತಿರಲಿಲ್ಲ; ಊಟಕ್ಕೆ ನಮ್ಮ ಮನೆಗೇ ಬರುತ್ತಿದ್ದ. ತಾಯಿ ಇಲ್ಲದ ಅವನನ್ನು ಸಾಕಿದವಳು ಅವ್ವನೇ. ಚಿಗವ್ವ ಮದುವೆಯಾಗಿ ಬಂದ ಹೊಸತು. ಒಂದು ಭಾನುವಾರ ಮಾವ ಆರನೇ ರೊಟ್ಟಿಗೆ ಕೈ ಚಾಚಿದ. ಬಡಿಸುತ್ತಿದ್ದ ಚಿಗವ್ವ ನಕ್ಕು, "ಆರಾತು. ಇನ್ನೊಂದ್ಸಲ ಎಸರು ಇಡ್ಲಾ?" ಎಂದಳು.

ನಮ್ಮ ಕಡೆ ಉಣ್ಣುವವರ ರೊಟ್ಟಿಯನ್ನು ಯಾರೂ ಎಣಿಸುವುದಿಲ್ಲ. ತಾಟಿನಲ್ಲಿ ಅರ್ಧ ರೊಟ್ಟಿ ಇರುವಾಗಲೇ ಇನ್ನೊಂದು ಹಾಕುತ್ತೇವೆ, ಎಷ್ಟಾಯಿತು ಎಂದು ಉಂಡವರಿಗೂ ತಿಳಿಯಬಾರದು ಎಂದು. ಮಾವ ಕೈ ಹಿಂದಕ್ಕೆ ತೆಗೆದ. ತಾಟಿನಲ್ಲೇ ಕೈ ತೊಳೆದು ಎದ್ದ. ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ.

ಅಜ್ಜಿ ಸೊಸೆಯನ್ನು ಬೈಯಲಿಲ್ಲ. "ಸಿಟ್ಟು ಬಂದವ್ರು ಸಿಟ್ಟನ್ನ ಉಣ್ಣಲಿ. ಇದೇನು ಖಾನಾವಳಿ ಅಲ್ಲ. ಇನ್ನ ಈ ಮನಿಯಿಂದ ಒಂದು ತುತ್ತೂ ಆ ಖೋಲಿಗೆ ಹೋಗಬಾರದು," ಎಂದಳು. ಅಪ್ಪ ತಲೆ ತಗ್ಗಿಸಿ ಉಣ್ಣುತ್ತಲೇ ಇದ್ದರು. ಅಪ್ಪ ನನ್ನ ನೆನಪಿನಲ್ಲಿ ಯಾವಾಗಲೂ ತಲೆ ತಗ್ಗಿಸಿ ಉಣ್ಣುತ್ತಿರುತ್ತಾರೆ.

ಮಾವ ನನಗೆ ಪೆನ್ನು ಕೊಡಿಸುತ್ತಿದ್ದ. ಆ ಕಾರಣಕ್ಕೂ, ಅವ್ವನ ಕಾರಣಕ್ಕೂ ನಾನು ಚಿಗವ್ವನನ್ನು ದ್ವೇಷಿಸಿದೆ. ಅವಳ ನಗು, ಅವಳ 'ಐತೆ', 'ಬರುತ್ತೆ', ಅವಳು ಸೆರಗು ಸಿಕ್ಕಿಸುವ ರೀತಿ, ಯಾವುದನ್ನೂ ಬಿಡಲಿಲ್ಲ.

ನೋಟುಬುಕ್ಕು ಶುರುವಾದದ್ದು ಅವ್ವ ಹೆಚ್ಚು ದುಡಿಯುತ್ತಾಳೆ, ಚಿಗವ್ವ ಕೆಲಸ ಕದಿಯುತ್ತಾಳೆ ಎಂದು ತೋರಿಸಲು. ಬೆಳಿಗ್ಗೆ ಪಡಸಾಲೆಯಲ್ಲಿ ಪಾಠ ಓದುವ ನೆವದಲ್ಲಿ ಕೂತು ಸಪ್ಪಳ ಎಣಿಸುತ್ತಿದ್ದೆ. ಅವ್ವನ ಕೈ ದಪ್ಪ. ನಿಧಾನ ಹತ್ತು ಪೆಟ್ಟು, ಆಮೇಲೆ ಒಂದೇ ಸಮನೆ ಓಟ. ಚಿಗವ್ವನದು ಮೊದಲಿನಿಂದಲೇ ಓಟ, ಬಳೆಯ ಸದ್ದು ಹೆಚ್ಚು. ಬಡಿತ ನಿಂತು ರೊಟ್ಟಿ ಹಂಚಿಗೆ ಬಿದ್ದಿತು ಎಂದರೆ ಒಂದು ಗೀಟು. ನಾಲ್ಕು ಖಾನೆ ಮಾಡಿದ್ದೆ: ಅವ್ವ, ಚಿಗವ್ವ, ಬುಟ್ಟಿ, ಇತರೆ. ರೊಟ್ಟಿ ಬುಟ್ಟಿಗೆ ಬಟ್ಟೆ ಮುಚ್ಚಿಡುವುದು ನನ್ನ ಕೆಲಸ. ಮುಚ್ಚುವ ಮುಂಚೆ ಬುಟ್ಟಿಯನ್ನೂ ಎಣಿಸುತ್ತಿದ್ದೆ. ಉಣ್ಣುವುದನ್ನು ನಾನು ಎಣಿಸುತ್ತಿಲ್ಲ, ಬಡಿಯುವುದನ್ನು ಎಣಿಸುತ್ತಿದ್ದೇನೆ, ಅದರಲ್ಲಿ ತಪ್ಪಿಲ್ಲ ಎಂದು ಮೊದಲ ಪುಟದಲ್ಲೇ ಬರೆದಿಟ್ಟುಕೊಂಡಿದ್ದೆ.

ಮೊದಲ ವಾರದಲ್ಲೇ ಬೇರೆ ಏನೋ ಸಿಕ್ಕಿತು. ಸೋಮವಾರ: ಅವ್ವ ಇಪ್ಪತ್ತೆರಡು, ಚಿಗವ್ವ ಹದಿನಾರು, ಬುಟ್ಟಿ ಮೂವತ್ತೆಂಟು. ಮಂಗಳವಾರವೂ ಸರಿ. ಬುಧವಾರ ಬಡಿದದ್ದು ಮೂವತ್ತೆಂಟು, ಬುಟ್ಟಿಯಲ್ಲಿ ಮೂವತ್ತೆರಡು. ನನ್ನ ಕಿವಿ ತಪ್ಪಿರಬೇಕು ಎಂದುಕೊಂಡೆ. ಶನಿವಾರ ಮತ್ತೆ ಆರು ಕಡಿಮೆ. ಮುಂದಿನ ಬುಧವಾರ ಆರು, ಶನಿವಾರ ಆರು. ನಾನು ಬಚ್ಚಲಿಗೆ ಹೋಗಿ ಬಂದು ಜಡೆ ಹಾಕಿಕೊಳ್ಳುವಷ್ಟರಲ್ಲಿ ಆರು ರೊಟ್ಟಿ ಮಾಯ. ಏಳು ವಾರ ಬರೆದೆ. ಹದಿನಾಲ್ಕು ಸಲ, ಎಂಬತ್ತನಾಲ್ಕು ರೊಟ್ಟಿ. ಅಡುಗೆಮನೆಯಲ್ಲಿ ಇರುತ್ತಿದ್ದವರು ಇಬ್ಬರೇ. ಅವರಲ್ಲಿ ಒಬ್ಬಳು ನನ್ನ ಅವ್ವ. ಅಲ್ಲಿಗೆ ಕಳ್ಳಿ ಯಾರೆಂದು ಯೋಚಿಸುವ ಅಗತ್ಯವೇ ನನಗೆ ಕಾಣಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಾಗ, ನೋಟುಬುಕ್ಕು ತಂದು ಓದಿದೆ. ನನ್ನ ದನಿ ನಡುಗಲಿಲ್ಲ. ವಾರ, ಬಡಿದದ್ದು, ಬುಟ್ಟಿಯಲ್ಲಿದ್ದದ್ದು, ಕೊನೆಗೆ ಒಟ್ಟು.

ಅಜ್ಜಿ ತಾಟು ಪಕ್ಕಕ್ಕೆ ಸರಿಸಿದಳು. "ಎಂಬತ್ನಾಕಾ? ಯಾರ ಹೊಟ್ಟಿಗೆ ಹೋಗ್ಯಾವ?"

ನಾನು ಚಿಗವ್ವನ ಕಡೆ ನೋಡಿದೆ. ಎಲ್ಲರೂ ನಾನು ನೋಡಿದ ಕಡೆ ನೋಡಿದರು.

"ಸಪ್ಪಳ ಎಣಿಸಿ ಕಳ್ಳರನ್ನ ಹಿಡಿದ್ಯಾ?" ಎಂದಳು ಚಿಗವ್ವ. "ಶಾಣ್ಯಾಕಿ ಬಿಡು. ಪೊಲೀಸ್ನೋರು ಕೆಲಸಕ್ಕೆ ಕರ್ಕಂಡು ಹೋಗ್ತಾರೆ ನಿನ್ನ."

"ಮಾತು ತೇಲಿಸಬ್ಯಾಡ," ಎಂದಳು ಅಜ್ಜಿ. "ನೀ ತಗದಿಲ್ಲ ಅಂದ್ರ ದೇವರ ಮುಂದಿನ ದೀಪ ಮುಟ್ಟಿ ಹೇಳು."

"ಮುಟ್ಟಲ್ಲ."

"ಯಾಕ ಮುಟ್ಟಂಗಿಲ್ಲ?"

"ರೊಟ್ಟಿಗೆ ದೀಪ ಮುಟ್ಟೋ ಮನೆತನದಾಗೆ ಹುಟ್ಟಿಲ್ಲ ನಾನು." ಚಿಗವ್ವ ಒಮ್ಮೆ ಅವ್ವನ ಕಡೆ ನೋಡಿದಳು. ನಾಲ್ಕು ವರ್ಷದಲ್ಲಿ ಅವಳು ಅವ್ವನ ಮುಖವನ್ನು ನೇರವಾಗಿ ನೋಡಿದ್ದನ್ನು ನಾನು ಕಂಡದ್ದು ಆಗಲೇ. ಅವ್ವ ಸಾರಿನ ಪಾತ್ರೆಯಲ್ಲಿ ಸೌಟು ತಿರುಗಿಸುತ್ತಿದ್ದಳು.

"ಅಂದ್ರ ತಗದೀ," ಎಂದಳು ಅಜ್ಜಿ.

ಕಾಕಾ ಎದ್ದು ನಿಂತ. "ಬೇ, ಕಟ್ಟಿಕೊಂಡಾಕಿನ್ನ ನನ್ನ ಎದುರಿಗೇ ಕಳ್ಳಿ ಅಂತೀಯಲ್ಲ? ಈ ಮನ್ಯಾಗ ಉಣ್ಣೋಕಿಂತ ಕೂಳು ಬಿಡೋದು ಮೇಲು. ನಾವು ಬ್ಯಾರೆ ಆಗ್ತೀವಿ."

"ಆಗ್ರಿ. ಇಲ್ಲಿ ಯಾರೂ ಹಗ್ಗ ಹಾಕಿ ಕಟ್ಟಿಲ್ಲ."

ನನಗೆ ಒಳಗೊಳಗೇ ಎಷ್ಟು ಸಂತೋಷವಾಯಿತೆಂದರೆ ಊಟ ಸೇರಲಿಲ್ಲ. ಗುರುವಾರ ಅವರು ಗಿರಣಿ ರಸ್ತೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಗೆ ಹೋದರು. ಟ್ರಂಕು, ಹಾಸಿಗೆ, ಒಂದು ಹಂಚು, ಒಂದು ರೊಟ್ಟಿ ಹಲಗೆ. ಬಾಗಿಲಲ್ಲಿ ನಿಂತಿದ್ದ ನನ್ನ ಹತ್ತಿರ ಬಂದು ಚಿಗವ್ವ, "ಬರ್ಕಳೆ ನಿನ್ನ ಪುಸ್ತಕದಾಗೆ. ಇವತ್ತು ಚಿಗವ್ವ ಉಂಡಿಲ್ಲ. ಅದೂ ಒಂದು ಲೆಕ್ಕ," ಎಂದಳು. ನಾನು ಅದನ್ನೂ ಬರೆದೆ. ಹಾಗೆ ಬರೆಯುವಾಗ ನಕ್ಕಿದ್ದೂ ನೆನಪಿದೆ.

ಶುಕ್ರವಾರ ಬೆಳಿಗ್ಗೆ ಅಜ್ಜಿ ನನ್ನ ಹೊದಿಕೆ ಎಳೆದು, ಖಾಲಿಯಾದ ಒಲೆಯ ಮುಂದೆ ಕೂರಿಸಿದಳು. "ಆಕಿನ್ನ ಕಳಿಸಿದಾಕಿ ನೀನು. ಆಕಿ ಪಾಲಿಂದು ನೀನ ಬಡಿ." ಆವತ್ತು ಐದು ರೊಟ್ಟಿ ಹರಿದವು, ಮೂರು ಕರಕಾದವು. ಅವ್ವ ಹಂಚಿಗೆ ಹೇಳಿದಳು, "ಸೈರಿಸಿಕೋ ಹಂಚೇ, ಇದು ಓದಿದ ಕೈ." ಅವ್ವ ಹಂಚಿನ ಜೊತೆ ಮಾತಾಡುವುದನ್ನು ಬಿಟ್ಟಿರಲಿಲ್ಲ. ಈಗ ಎದುರಿಗಿದ್ದವಳು ನಾನು.

ಮಾರನೆಯ ದಿನ ಶನಿವಾರ. ಅವ್ವ ಇಪ್ಪತ್ತು ಬಡಿದಳು, ನಾನು ಹನ್ನೆರಡು. ಈಗ ಸಪ್ಪಳ ಕೇಳಿ ಎಣಿಸುವ ಅಗತ್ಯವಿರಲಿಲ್ಲ, ಕಣ್ಣ ಮುಂದೆಯೇ ಇತ್ತು. ಕೈ ತೊಳೆದು, ಜಡೆ ಹಾಕಿಕೊಂಡು ಬಂದು ಬುಟ್ಟಿ ಮುಚ್ಚುವಾಗ ಎಣಿಸಿದೆ. ಇಪ್ಪತ್ತಾರು.

ಇನ್ನೊಮ್ಮೆ ಎಣಿಸಿದೆ. ಇಪ್ಪತ್ತಾರೇ.

ನೋಟುಬುಕ್ಕು ತೆಗೆದು ಹಿಂದಿನ ಪುಟಗಳನ್ನು ತಿರುಗಿಸಿದೆ. ನಾಲ್ಕನೇ ಖಾನೆಯಲ್ಲಿ ನಾನೇ ಬರೆದದ್ದು ಇತ್ತು: ಬುಧವಾರ, ಗಿರಣಿ. ಶನಿವಾರ, ಗಿರಣಿ. ಮತ್ತೆ ಬುಧವಾರ, ಗಿರಣಿ. ಜೋಳ ಬೀಸಲು ಗಿರಣಿಗೆ ಹೋಗುವ ದಿನಗಳನ್ನು ಒಂದೂ ಬಿಡದೆ ಗುರುತು ಹಾಕಿದ್ದೆ. ಆರು ಕಡಿಮೆ ಬಿದ್ದ ದಿನಗಳೂ ಅವೇ. ಏಳು ವಾರ ಎರಡೂ ಒಂದೇ ಸಾಲಿನಲ್ಲಿ ಇದ್ದವು. ಚಿಗವ್ವನ ಖಾನೆಯೊಂದನ್ನು ಬಿಟ್ಟು ಬೇರೆ ಯಾವುದನ್ನೂ ನಾನು ನೋಡಿರಲಿಲ್ಲ.

ಅವ್ವ ಎಂದಿನಂತೆ ಜೋಳದ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿ ನನ್ನ ಬಗಲಿಗೆ ಕೊಟ್ಟಳು. ಶಾಲೆಗೆ ಹೋಗುವಾಗ ಗಿರಣಿಯಲ್ಲಿ ಇಡುವುದು, ಬರುವಾಗ ಹಿಟ್ಟು ತರುವುದು. ಆರನೇ ತರಗತಿಯಿಂದ ಅದು ನನ್ನ ಕೆಲಸ. ಓಣಿಯ ತಿರುವಿನಲ್ಲಿ ಡಬ್ಬಿ ಇಳಿಸಿ ಮುಚ್ಚಳ ತೆಗೆದೆ. ಜೋಳದ ಮೇಲೆ ಬಿಳಿ ಬಟ್ಟೆಯ ಗಂಟು. ಆರು ರೊಟ್ಟಿ, ಜೊತೆಗೆ ಶೇಂಗಾ ಚಟ್ನಿ. ಗಿರಣಿ ಚಾಚಾ ಪ್ರತಿಸಲ ನನ್ನ ಕೈಯಿಂದ ಡಬ್ಬಿ ಕಸಿದುಕೊಂಡು, "ನೀ ನಡಿಯವ್ವ, ಸಾಲಿಗೆ ತಡ ಆಗ್ತೈತಿ," ಎಂದು ಅವಸರ ಮಾಡುತ್ತಿದ್ದದ್ದು ಏಕೆಂದು ಆಗ ಗೊತ್ತಾಯಿತು. ಮಾವನ ಖೋಲಿಗೆ ಮೂರು ವರ್ಷದಿಂದ ರೊಟ್ಟಿ ಹೊತ್ತವಳು ನಾನೇ.

ಸಂಜೆ ಅವ್ವ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು.

"ಅವತ್ತು ಯಾಕ ಸುಮ್ಮನ ಕುಂತಿ?" ಎಂದೆ.

ಅವಳಿಗೆ ಯಾವತ್ತು, ಏನು ಎಂದು ಕೇಳುವ ಅಗತ್ಯ ಬೀಳಲಿಲ್ಲ. "ನೀ ಯಾಕ ಬಾಯಿ ಬಿಟ್ಟಿ? ನಿನಗ ಯಾರು ಲೆಕ್ಕ ಕೇಳಿದ್ರು?"

"ಚಿಗವ್ವ ತಗದಿರಲಿಲ್ಲ."

"ತಗದಿರಲಿಲ್ಲ. ಆಕಿ ಒಂದು ಮಾತಿಗೆ ನನ್ನ ತಮ್ಮ ತಾಟು ಬಿಟ್ಟು ಎದ್ದ. ಆಕಿನೂ ಒಮ್ಮೆ ಎದ್ದು ಹೋಗಲಿ ಅಂತ ನಾಕು ವರ್ಷ ಕಾದೀನಿ." ಸೀರೆಯನ್ನು ತಂತಿಯ ಮೇಲೆ ಜಾಡಿಸಿದಳು, ನೀರು ನನ್ನ ಮುಖಕ್ಕೆ ಹಾರಿತು. "ಹೋಗು, ನಿಮ್ಮ ಅಜ್ಜಿಗೆ ಓದಿ ಹೇಳು. ನಾಳಿಂದ ಅವನೂ ಉಪವಾಸ ಬೀಳ್ತಾನ. ಅದನ್ನೂ ಬರಕೋ."

ನಾನು ಹೇಳಲಿಲ್ಲ. ಹೇಳಿದರೆ ಮಾವನ ರೊಟ್ಟಿ ಹೋಗುತ್ತದೆ, ಹೇಳದಿದ್ದರೆ ಚಿಗವ್ವ ಕಳ್ಳಿಯಾಗಿಯೇ ಇರುತ್ತಾಳೆ. ಭಾನುವಾರದಿಂದ ಮಂಗಳವಾರದವರೆಗೆ ಪುಟಗಳು ಖಾಲಿ ಇವೆ.

ಬುಧವಾರ ಮತ್ತೆ ಡಬ್ಬಿ ಹೊತ್ತು ಹೊರಟೆ. ಗಿರಣಿಗೆ ಹೋಗಲು ಬೇರೆ ದಾರಿಯಿಲ್ಲ, ಚಿಗವ್ವನ ಹೊಸ ಮನೆಯ ಮುಂದೆಯೇ ಹೋಗಬೇಕು. ಅವಳು ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ನಾನು ತಲೆ ತಗ್ಗಿಸಿ ದಾಟುತ್ತಿದ್ದಂತೆ, "ನಿಲ್ಲೇ," ಎಂದಳು. ಇಳಿದು ಬಂದು ಡಬ್ಬಿಯ ಮೈಮೇಲೆ ಅಂಗೈ ಇಟ್ಟಳು.

"ಬೀಸಾಕೆ ಹೋಗೋ ಜೋಳ ಇಷ್ಟು ಬಿಸಿ ಇರುತ್ತೇನೇ?"

ನಾನು ಡಬ್ಬಿಯನ್ನು ಬಗಲಿಗೆ ಬಿಗಿಯಾಗಿ ಒತ್ತಿಕೊಂಡೆ.

"ಗಿರಣಿಯಿಂದ ಬರೋ ಹಿಟ್ಟು ಬಿಸಿ ಇರ್ಬೇಕು. ಹೋಗೋ ಡಬ್ಬಿ ತಣ್ಣಗಿರ್ಬೇಕು. ಬಾಗಿಲಾಗೆ ಅಡ್ಡ ಇಟ್ಟಾಗೆಲ್ಲ ಇದನ್ನ ಸರಿಸಿದಾಕಿ ನಾನು. ನಂಗೆ ಮೊದಲನೇ ದಿನಾನೇ ತಿಳೀತು. ಬಗಲಾಗೆ ಇಟ್ಕಂಡು ತಿರುಗಿದಾಕಿ ನೀನು, ನಿಂಗೆ ತಿಳೀಲಿಲ್ಲ. ದೊಡ್ಡ ಲೆಕ್ಕದಾಕಿ."

ಚಳಿಗಾಲದಲ್ಲಿ ಆ ಡಬ್ಬಿ ಪಕ್ಕೆಗೆ ಹಿತವಾಗಿದೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೆ.

"ಅವತ್ತು ಯಾಕ ಹೇಳಲಿಲ್ಲ?" ಎಂದೆ.

"ಹೇಳಿದ್ರೆ ಇವತ್ತು ಅವ್ನೇನು ತಿಂತಿದ್ದ, ನಿನ್ನ ಪುಸ್ತಕಾನಾ?" ಅವಳು ಕೈ ತೆಗೆದಳು. "ನಿಮ್ಮವ್ವನ ಮ್ಯಾಲಿನ ಪ್ರೀತಿಗೆ ಅಂತ ತಿಳ್ಕಬೇಡ. ಆಕಿ ಮುಖ ಕಂಡ್ರೆ ನಂಗೆ ಇವತ್ತಿಗೂ ಆಗಲ್ಲ. ನಿಂದೂ ಆಗಲ್ಲ. ನಡಿ, ರೊಟ್ಟಿ ತಣ್ಣಗಾಗುತ್ತೆ."

ಕಟ್ಟೆ ಹತ್ತಿ, ಮೊರ ಎತ್ತಿಕೊಂಡು, ನನಗೆ ಬೆನ್ನು ಮಾಡಿ ಕೂತಳು.

ಅವತ್ತಿನ ಪುಟ ಈಗಲೂ ನನ್ನ ಬಳಿ ಇದೆ. ಅವ್ವ ಇಪ್ಪತ್ತು, ನಾನು ಹದಿಮೂರು. ಬುಟ್ಟಿಯಲ್ಲಿ ಇದ್ದದ್ದು ಇಪ್ಪತ್ತೇಳು. ಬುಟ್ಟಿಯ ಖಾನೆಯಲ್ಲಿ ನಾನು ಬರೆದದ್ದು ಮೂವತ್ಮೂರು.