ಅಣ್ಣನ ವಸ್ತರಾ

ಕತ್ತಿ ಕಲ್ಲಿನ ಮೇಲೆ ಇರುವಷ್ಟು ಹೊತ್ತು ನಮ್ಮ ಅಣ್ಣ ಮಲ್ಲಪ್ಪ ಉಸಿರು ಬಿಡುತ್ತಿರಲಿಲ್ಲ. ಪುಣೆಯ ಬಿಬವೇವಾಡಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ, ಭಾನುವಾರ ಬೆಳಿಗ್ಗೆ, ಬಚ್ಚಲ ಕಟ್ಟೆಗೆ ಒದ್ದೆ ಗೋಣಿ ಹಾಸಿ ಮಸೆಗಲ್ಲು ಇಟ್ಟುಕೊಂಡು ಕೂತನೆಂದರೆ ಅವನ ಹೆಂಡತಿ, ನಮ್ಮ ವೈನಿ, ಕುಕ್ಕರನ್ನೂ ಒಲೆಯಿಂದ ಇಳಿಸಿಬಿಡುತ್ತಿದ್ದರು, ಸೀಟಿಗೆ ಅವನ ಕೈ ಬೆಚ್ಚಬಾರದೆಂದು. "ಮದಿವ್ಯಾಗ ನನ್ನ ಮಾರೀನೂ ಇಷ್ಟ ಹೊತ್ತ ನೋಡಿಲ್ಲ ಇವರು" ಎಂದು ನನ್ನೆದುರು ಆಡಿಕೊಳ್ಳುತ್ತಿದ್ದರು.

ಅದು ಗಡ್ಡ ಹೆರೆಯುವ ಮಡಿಚುಗತ್ತಿ. ನಾವು ವಸ್ತರಾ ಅನ್ನುತ್ತೇವೆ. ಯಾದಗಿರಿ ಕಡೆಯಿಂದ ಪುಣೆಗೆ ಬಂದ ಹೊಸತರಲ್ಲಿ ಅಣ್ಣ ಅದನ್ನು ಕೊಂಡಿದ್ದ. ಆಮೇಲೆ ನನ್ನನ್ನೂ ಕರೆಸಿಕೊಂಡು ಹತ್ತನೆಯವರೆಗೆ ಓದಿಸಿದ, ತನ್ನ ಕಾರ್ಖಾನೆಯಲ್ಲೇ ಕೆಲಸ ಕೊಡಿಸಿದ. ಲೇತ್ ಮಷಿನ್ನಿನ ಉಳಿಗಳಿಗೆ ಸಾಣೆ ಹಿಡಿಯುವುದು ಅಲ್ಲಿ ಅವನ ಕೆಲಸ. ಮನೆಯಲ್ಲೂ ಅದೇ ಶಿಸ್ತು. ಕತ್ತಿಯ ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗುವಂತೆ ಮಲಗಿಸಿ ಬಾಯಿ ಮುಂದಾಗಿ ತಳ್ಳುತ್ತಿದ್ದ. ಕಿಟಕಿಯ ಸರಳಿಗೆ ಕಟ್ಟಿದ ಚರ್ಮದ ಪಟ್ಟಿಗೆ ಬಂದಾಗ ಮಾತ್ರ ಬೆನ್ನು ಮುಂದು. ಕೊನೆಗೆ ಮುಂಗೈಗೆ ತಾಗಿಸಿ, ಕೂದಲು ಉದುರಿದರೆ, ಆಗ ಉಸಿರು ಬಿಡುತ್ತಿದ್ದ.

"ಜೋರ ಹಾಕಬಾರದು ತಮ್ಮಾ. ಕಲ್ಲ ತನ್ನ ಕೆಲಸ ತಾ ಮಾಡತದ. ನಾವು ಬರೇ ಕರಕೊಂಡ ಹೋಗೂದು, ಕರಕೊಂಡ ಬರೂದು."

ನನ್ನ ಪ್ಲಾಸ್ಟಿಕ್ ರೇಜರ್ ಕಂಡರೆ, "ಏನ್ ತಮ್ಮಾ, ಗಜ್ಜರಿ ಹೆರದೇನು?" ಎಂದು ನಗುತ್ತಿದ್ದ.

ಶ್ರಾವಣದಲ್ಲಿ ಅವನು ಗಡ್ಡ ತೆಗೆಯುತ್ತಿರಲಿಲ್ಲ. ತಿಂಗಳು ಹಿಡಿಯುವ ಹಿಂದಿನ ದಿನ ಕತ್ತಿ ಮಸೆದು, ಒರೆಸಿ, ಕೊಬ್ಬರಿ ಎಣ್ಣೆ ಸವರಿ, ಹಳೆಯ ಧೋತರದ ಚೂರಿನಲ್ಲಿ ಸುತ್ತಿ ಬಿಸ್ಕಿಟ್ ಡಬ್ಬಿಗೆ ಹಾಕುತ್ತಿದ್ದ. "ಮಾರಿಗೆ ಮುಟ್ಟೋ ಸಾಮಾನು ಇದು. ಬ್ಯಾರೆ ಯಾವುದಕ್ಕೂ ಮುಟ್ಟಸಬ್ಯಾಡ್ರಿ" ಎಂದು ಪ್ರತಿ ವರ್ಷ ಹೇಳುತ್ತಿದ್ದ.

ನಾನು ಮುಟ್ಟಿಸಿದೆ. ನಾವಿಬ್ಬರೂ ನಿವೃತ್ತರಾಗಿದ್ದ ಒಂದು ಶ್ರಾವಣದಲ್ಲಿ ನನ್ನ ಹಿಮ್ಮಡಿಗೆ ಆಣಿ ಆಗಿ ಊರಲು ಬರುತ್ತಿರಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಕಾಲನ್ನು ಬಿಸಿನೀರಿನಲ್ಲಿ ನೆನೆಸಿ, ಅಣ್ಣನ ವಸ್ತರಾದಿಂದ ಅದನ್ನು ಹೆರೆದೆ. ಅಷ್ಟರಲ್ಲಿ ಹೊರಗೆ ಅವನ ಚಪ್ಪಲಿ ಸಪ್ಪಳ. ಕತ್ತಿಯನ್ನು ಲುಂಗಿಗೆ ಒಮ್ಮೆ ಉಜ್ಜಿ, ಸುತ್ತಿ, ಡಬ್ಬಿಗೆ ಹಾಕಿದೆ. ಎಣ್ಣೆ ಹಚ್ಚಲಿಲ್ಲ. ಆಮೇಲಾದರೂ ಹಚ್ಚಬಹುದಿತ್ತು. ಹಚ್ಚಲಿಲ್ಲ. ಹೊರಗೆ ಮಳೆ ನಿಂತಿರಲಿಲ್ಲ.

ಶ್ರಾವಣ ಮುಗಿದ ಮರುದಿನ ಅಣ್ಣ ಪಟ್ಟಿಗೆ ನಾಲ್ಕು ಸಲ ಎಳೆದು ಗಡ್ಡಕ್ಕೆ ಕೂತ. ಎರಡನೆಯ ಎಳೆತಕ್ಕೆ ದವಡೆಯ ಕೆಳಗೆ ರಕ್ತ ಬಂತು. ಚಾಳೀಸು ಹಾಕಿಕೊಂಡು ಕತ್ತಿಯನ್ನು ಬೆಳಕಿಗೆ ಹಿಡಿದ. ಬಾಯಿಯುದ್ದಕ್ಕೂ ಜಂಗು, ತುಕ್ಕಿನ ಚುಕ್ಕೆಗಳು.

"ಏ ಇವಳs, ನಾ ಎಣ್ಣಿ ಹಚ್ಚಿದ್ದೆನಲ್ಲ?"

"ನನಗೇನ ಗೊತ್ರಿ? ವಯಸ್ಸಾತು, ಮರತಿರಬೇಕ ಬಿಡ್ರಿ" ಎಂದರು ವೈನಿ.

ಅವನು ನನ್ನ ಕಡೆ ತಿರುಗಿದ. "ತಮ್ಮಾ, ನೀ ಅಲ್ಲೇ ಇದ್ದಿ. ಹಚ್ಚಿದ್ನೋ ಇಲ್ಲೋ?"

ಹಚ್ಚಿದ್ದ. ನಾನು ನೋಡಿದ್ದೆ.

"ನೆನಪಿಲ್ಲಣ್ಣ" ಎಂದೆ.

ಅವನು ಕತ್ತಿಯನ್ನು ಮಡಿಚಿ ಧೋತರದ ಚೂರಿನಲ್ಲಿ ಸುತ್ತಿದ. "ಜಂಗಿಗೆ ಕಲ್ಲ ಅದ. ಮರವಿಗೆ ಎಲ್ಲಿ ಅದ?" ಎಂದು ಡಬ್ಬಿಯನ್ನು ನನ್ನ ಕೈಗಿಟ್ಟ. "ಇನ್ನ ನೀನs ಇಟಗೋ."

ಅಂದಿನಿಂದ ಅವನು ತನ್ನನ್ನೇ ನಂಬಲಿಲ್ಲ. ಬೀಗ ಹಾಕಿದ ಮೇಲೆ ಮೂರು ಸಲ ಹಿಂದಿರುಗಿ ಜಗ್ಗಿ ನೋಡುತ್ತಿದ್ದ. ಗುಳಿಗೆ ನುಂಗಿದೆನೋ ಎಂದು ವೈನಿಯನ್ನು ಕೇಳುತ್ತಿದ್ದ. ಓಣಿಯ ಹೆಂಗಸರು "ಕಾಕಾ, ಕಾತ್ರಿಲಾ ಧಾರ್ ಲಾವೂನ್ ದ್ಯಾ ನಾ" ಎಂದು ಮೊದಲಿನಂತೆ ಕತ್ತರಿ ಮಸೆಸಲು ಬಂದರೆ ಬೇರೆ ಕಡೆ ಕಳಿಸುತ್ತಿದ್ದ. ಗಡ್ಡಕ್ಕೆ ಸಲೂನಿಗೆ ಹೋದ. ಅದಕ್ಕೂ ವೈನಿ ಜೊತೆಗೆ ಬೇಕು. ನಾನು ಇದನ್ನೆಲ್ಲ ನೋಡುತ್ತ ಅದೇ ಮನೆಯಲ್ಲಿ ಉಂಡು ಮಲಗಿದೆ.

ಎರಡು ವರ್ಷದ ನಂತರ, ಹಾಸಿಗೆ ಹಿಡಿದಿದ್ದಾಗ, ಒಂದು ಬೆಳಿಗ್ಗೆ ವಸ್ತರಾ ತರಲು ಹೇಳಿದ. ಮಲಗಿದಲ್ಲಿಂದಲೇ ನನ್ನಿಂದ ಮಸೆಸಿದ. "ಗೋಣಿ ತೋಯಿಸು. ಬೆನ್ನ ಎತ್ತಬ್ಯಾಡ. ಈಗ ಪಟ್ಟಿಗಿ ಬಾ, ಹೊಳ್ಳಿಸಿ ಹಾಕು, ಬೆನ್ನ ಮುಂದ." ಒಂದಾದ ಮೇಲೆ ಒಂದು, ಎಲ್ಲವನ್ನೂ ಹೇಳಿದ. ಒಂದನ್ನೂ ಮರೆತಿರಲಿಲ್ಲ. ನಾನು ಅವನ ಗಡ್ಡ ತೆಗೆದೆ. ಎಲ್ಲೂ ಗಾಯವಾಗಲಿಲ್ಲ.

"ಒರಸಿದೇನು?"

"ಹೂಂ ಅಣ್ಣ."

"ಎಣ್ಣಿ? ನಾ ಮರತಂಗ ಮರೀಬ್ಯಾಡ ನೋಡ."

ಆಗಲಾದರೂ ಹೇಳಬೇಕಿತ್ತು. "ಹಚ್ಚಿದೆನಣ್ಣ" ಎಂದೆ. ಅವನು ಕಣ್ಣು ಮುಚ್ಚಿದ. ಆ ವಾರವೇ ಹೋದ.

ಈಗ ಭಾನುವಾರ ನಾನು ಬಚ್ಚಲ ಕಟ್ಟೆಗೆ ಗೋಣಿ ಹಾಸಿ ಕೂರುತ್ತೇನೆ. ವೈನಿ ಈಗಲೂ ಕುಕ್ಕರ್ ಇಳಿಸುತ್ತಾರೆ. ಅವರಿಗೂ ನಾನು ಹೇಳಿಲ್ಲ. ಮಸೆಯುತ್ತೇನೆ, ಒರೆಸುತ್ತೇನೆ, ಎಣ್ಣೆ ಹಚ್ಚುತ್ತೇನೆ. ಮುಂಗೈಗೆ ತಾಗಿಸಿದರೆ ಕೂದಲು ಉದುರುತ್ತದೆ. ಉಸಿರು ಬಿಡುತ್ತೇನೆ. ಬೇರೇನೂ ಆಗುವುದಿಲ್ಲ.