ಮಲಾವಿಗೆ ಹೊರಟಿದ್ದ ವರ್ಷ

ನನ್ನ ಗಂಡ ಮೊದಲ ಸಲ ಆ ಮಾತು ಹೇಳಿದಾಗ ನನಗೆ ಅರ್ಥವಾಗಲಿಲ್ಲ. ಭಾನುವಾರದ ಆರಾಧನೆ ಮುಗಿಸಿ ಐರ್ಲೆಂಡಿನ ಕಾರ್ಕ್‌ನ ನಮ್ಮ ಮನೆಗೆ ವಾಪಸಾಗುತ್ತಿದ್ದೆವು. ಅವರು ಕಾರು ಓಡಿಸುತ್ತಿದ್ದರು. ಹಿಂದಿನ ಸೀಟಿನಲ್ಲಿ ಹದಿನೈದು ವರ್ಷದ ಮಗಳು ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದಳು.

"ನನ್ನನ್ನ ಕರೀತಿದ್ದಾರೆ ಅನ್ಸುತ್ತೆ," ಅಂದರು.

"ಯಾರು? ಇವತ್ತೂ ಡ್ಯೂಟಿಗಾ?"

"ಅಲ್ಲ ಕಣೆ. ದೇವರು."

ಅವತ್ತು ಚರ್ಚಿನಲ್ಲಿ ಆಫ್ರಿಕಾದ ಮಲಾವಿಯ ಒಂದು ಮಿಷನ್ ಆಸ್ಪತ್ರೆಯಿಂದ ರಜೆಗೆ ಬಂದಿದ್ದ ಡಾಕ್ಟರೊಬ್ಬರು ಗೋಡೆಯ ಮೇಲೆ ಚಿತ್ರಗಳನ್ನು ತೋರಿಸಿದ್ದರು. ಮಕ್ಕಳ ವಾರ್ಡು, ಹೆರಿಗೆ ಕೋಣೆ, ನೀರಿನ ಪಂಪು. ಎಲ್ಲರೂ ನೋಡಿ ಮರುಗಿದರು. ನನ್ನ ಗಂಡನ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಲ್ಯಾಬಿನ ಚಿತ್ರ. ಬಟ್ಟೆ ಮುಚ್ಚಿಟ್ಟ ಕೆಟ್ಟ ಮೈಕ್ರೋಸ್ಕೋಪು, ಅವಧಿ ಮುಗಿದ ಬಾಟಲಿಗಳು, ಅವನ್ನು ನೋಡಿಕೊಳ್ಳಲು ಯಾರೂ ಇಲ್ಲದ ಕಪಾಟು. ಅವರು ಕಾರ್ಕ್‌ನ ಔಷಧ ಕಾರ್ಖಾನೆಯೊಂದರಲ್ಲಿ ಹದಿಮೂರು ವರ್ಷದಿಂದ ಗುಣಮಟ್ಟ ಪರೀಕ್ಷೆಯ ಕೆಲಸ ಮಾಡುತ್ತಿದ್ದವರು. ನಮ್ಮ ಅಡುಗೆಮನೆಯ ಸಾರಿನಪುಡಿ ಡಬ್ಬಿಗೂ ದಿನಾಂಕ ಬರೆದು ಚೀಟಿ ಅಂಟಿಸುವ ಮನುಷ್ಯ. ಆ ಕಪಾಟನ್ನು ನೋಡಿ ಅವರಿಗೆ ನಿದ್ದೆ ಹತ್ತದೆ ಹೋಯಿತು.

ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಅದಕ್ಕೆ ಕಾರಣ ನನ್ನ ಅಪ್ಪ. ಅಪ್ಪ ಕೊಳ್ಳೇಗಾಲದ ಸುತ್ತಮುತ್ತ ಹಳ್ಳಿಗಳ ಚರ್ಚುಗಳಲ್ಲಿ ಉಪದೇಶಿಯಾಗಿದ್ದರು. ಎರಡು ವರ್ಷಕ್ಕೊಮ್ಮೆ ಸಭೆಯವರು ಅವರನ್ನು ಬೇರೆ ಊರಿಗೆ ಕಳಿಸುತ್ತಿದ್ದರು. ಹತ್ತನೇ ಕ್ಲಾಸು ಮುಗಿಸುವಷ್ಟರಲ್ಲಿ ನಾನು ಐದು ಶಾಲೆ ನೋಡಿದ್ದೆ. ಅಮ್ಮ ಯಾವ ಮನೆಯ ಹಿತ್ತಿಲಲ್ಲೂ ಮರ ಆಗುವಂಥದ್ದನ್ನು ನೆಡುತ್ತಿರಲಿಲ್ಲ. ದಂಟು, ಹುರುಳಿಕಾಯಿ, ಮೆಂತ್ಯ, ಅಷ್ಟೆ. ಒಂದು ಊರಲ್ಲಿ ನನ್ನ ಗೆಳತಿಗೆ ಹೇಳದೆಯೇ ಹೊರಟುಬಿಟ್ಟೆವು. ಎತ್ತಿನ ಗಾಡಿ ಬೆಳಗ್ಗೆ ಐದಕ್ಕೇ ಬಂದುಬಿಟ್ಟಿತ್ತು. ನರ್ಸಿಂಗ್ ಓದಿ, ಮದುವೆಯಾಗಿ, ಐರ್ಲೆಂಡಿಗೆ ಬಂದು, ನಮ್ಮದೇ ಅಂತ ಒಂದು ಮನೆಯಾದಾಗ, ಇನ್ನು ಇಲ್ಲಿಂದ ನನ್ನನ್ನು ಯಾರೂ ಎಬ್ಬಿಸಲಾರರು ಅಂದುಕೊಂಡಿದ್ದೆ.

ಆದರೆ ಉಪದೇಶಿಯ ಮಗಳು ಹೇಗೆ ಬೇಡ ಅನ್ನುವುದು? ಸುದ್ದಿ ಕೇಳಿದ ನಮ್ಮ ಚರ್ಚಿನ ಸಭಾಪಾಲಕರು ನನ್ನ ಕೈಹಿಡಿದು, "ನಿಮಗೆ ಇದೆಲ್ಲ ರಕ್ತದಲ್ಲೇ ಇದೆ," ಅಂದರು. ನಾನು ನಕ್ಕೆ.

ಏಪ್ರಿಲ್‌ನಲ್ಲಿ ಡಬ್ಲಿನ್‌ಗೆ ರೈಲಿನಲ್ಲಿ ಹೋದೆವು. ಆ ಆಸ್ಪತ್ರೆಗೆ ಜನರನ್ನು ಕಳಿಸುವ ಮಿಷನ್ ಸಂಸ್ಥೆಯವರು ಗಂಡ ಹೆಂಡತಿಯನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಮಾತಾಡಿಸುತ್ತಾರೆ. ನನ್ನ ಎದುರು ಕೂತದ್ದು ಅರುವತ್ತು ದಾಟಿದ ಒಬ್ಬ ಐರಿಷ್ ಹೆಂಗಸು. ಇಪ್ಪತ್ತು ವರ್ಷ ಆಫ್ರಿಕಾದಲ್ಲಿ ಇದ್ದು ಬಂದವರಂತೆ. ಆರೋಗ್ಯ, ಮಗಳ ಓದು, ನಮ್ಮಿಬ್ಬರ ಜಗಳಗಳು, ಎಲ್ಲವನ್ನೂ ನಿಧಾನವಾಗಿ ಕೇಳಿದರು. ಕೊನೆಗೆ ಪೆನ್ನು ಕೆಳಗಿಟ್ಟು, "ನಿಮ್ಮ ಗಂಡನಿಗೆ ಕರೆ ಬಂದಿದೆ, ಸರಿ. ನಿಮಗೂ ಬಂದಿದೆಯಾ?" ಅಂದರು.

ಅವರು ಕಾದರು. ಬೇಕಾದಷ್ಟು ಹೊತ್ತು ಕಾಯುವ ಜನ ಅವರು.

"ಬಂದಿದೆ," ಅಂದೆ.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಗಂಡನ ಕಾರ್ಖಾನೆಗೆ, ನನ್ನ ವಾರ್ಡಿಗೆ ನೋಟಿಸ್ ಕೊಟ್ಟೆವು. ಮನೆಯನ್ನು ಬಾಡಿಗೆಗೆ ಕೊಡಲು ಒಬ್ಬ ಏಜೆಂಟ್ ಬಂದು ಫೋಟೋ ತೆಗೆದುಕೊಂಡು ಹೋದ. ಮೊದಮೊದಲು ಬಾಗಿಲು ಹಾಕಿಕೊಂಡು ಅಳುತ್ತಿದ್ದ ಮಗಳಿಗೆ ಜೂನ್ ಹೊತ್ತಿಗೆ ಏನೋ ಹುರುಪು ಬಂತು. ಫೋನಿನಲ್ಲಿ ಮಲಾವಿಯವರ ಚಿಚೇವಾ ಭಾಷೆ ಕಲಿಯತೊಡಗಿದಳು. ಕನ್ನಡದಲ್ಲಿ ಏನು ಕೇಳಿದರೂ ಕಾರ್ಕ್‌ನವರ ಹಾಗೆ ರಾಗ ಎಳೆದು ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಬೆಳಗ್ಗೆ ಎದ್ದು ಅಪ್ಪನಿಗೆ ಚಿಚೇವಾದಲ್ಲಿ ನಮಸ್ಕಾರ ಹೇಳುತ್ತಿದ್ದಳು.

"ನಿಂಗೆ ನಿಜವಾಗ್ಲೂ ಇಷ್ಟಾನಾ ಪುಟ್ಟಿ?" ಅಂತ ಒಮ್ಮೆ ಕೇಳಿದೆ.

"ಐಯಾಮ್ ಗ್ರ್ಯಾಂಡ್, ಅಮ್ಮಾ. ಆರ್ ಯೂ?" ಗ್ರ್ಯಾಂಡ್ ಅಂದರೆ ಇಲ್ಲಿಯವರ ಮಾತಿನಲ್ಲಿ ಚೆನ್ನಾಗಿದ್ದೇನೆ ಅಂತ.

ಅವಳಾದರೂ ನನ್ನ ಕಡೆ ಇದ್ದಾಳೆ ಅನ್ನುವ ಧೈರ್ಯವೂ ಹೋಯಿತು. ಬೇಡ ಅನ್ನುವವಳು ಆ ಮನೆಯಲ್ಲಿ ನಾನೊಬ್ಬಳೇ ಉಳಿದೆ.

ಆ ದಿನಗಳಲ್ಲೇ ಆ ಪ್ರಾರ್ಥನೆ ಶುರುವಾಯಿತು. ಬೆಳಗಿನ ಪಾಳಿಗೆ ಬೇಗ ಹೋಗಿ, ಆಸ್ಪತ್ರೆಯ ಕಾರ್ ಪಾರ್ಕಿನಲ್ಲಿ ಎಂಜಿನ್ ಆರಿಸಿ, ಸ್ಟಿಯರಿಂಗ್ ಮೇಲೆ ಹಣೆಯಿಟ್ಟು, "ಸ್ವಾಮಿ, ಏನಾದ್ರೂ ಮಾಡಿ ಇದನ್ನ ತಡಿ," ಅನ್ನುತ್ತಿದ್ದೆ. ಏನಾದರೂ ಅಂದರೆ ಏನು ಅಂತ ನಾನು ಯೋಚಿಸಿರಲಿಲ್ಲ. ವೀಸಾ ತಡವಾಗಲಿ, ಅಲ್ಲಿ ಬೇರೆ ಯಾರಾದರೂ ಸಿಗಲಿ, ಅಂಥದ್ದೇ ಏನೋ ಮನಸ್ಸಿನಲ್ಲಿ ಇದ್ದಿರಬೇಕು.

ಸಾಮಾನನ್ನು ಮೂರು ಪಾಲು ಮಾಡಿದೆವು: ಒಯ್ಯುವುದು, ಕೊಟ್ಟುಬಿಡುವುದು, ಅಟ್ಟದ ಮೇಲೆ ಇಡುವುದು. ಊಟದ ಮೇಜನ್ನು ಎರಡು ಮನೆ ಆಚೆಯ ವಿಧವೆಗೆ ಕೊಟ್ಟೆವು. ನನ್ನ ಗಂಡ ಒಂದೊಂದು ರಟ್ಟಿನ ಪೆಟ್ಟಿಗೆ ಮುಚ್ಚಿದಾಗಲೂ ಅದರ ಮೇಲೆ ಒಳಗಿರುವುದನ್ನೆಲ್ಲ ಬರೆಯುತ್ತಿದ್ದರು. ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ನಾನು ಆ ಪೆಟ್ಟಿಗೆಗಳನ್ನು ಗೋಡೆಗೆ ಒತ್ತಿ ಜೋಡಿಸುತ್ತಿದ್ದೆ. ಜೂನ್‌ನಲ್ಲಿ ಬರೆದದ್ದು ದುಂಡಗೆ, ದೊಡ್ಡದಾಗಿ ಇತ್ತು. ಜುಲೈನದು ಸ್ವಲ್ಪ ಸಣ್ಣ. ಹಿಂದಿನ ದಿನ ಬರೆದದ್ದು ಇರುವೆ ಸಾಲಿನ ಹಾಗಿತ್ತು. ಒಂದೇ ಸಾಲಿನಲ್ಲೂ ಕೊನೆಗೆ ಬರುಬರುತ್ತಾ ಅಕ್ಷರ ಮುದುರಿಕೊಂಡಿತ್ತು.

ನಾನು ವಯಸ್ಸಾದವರ ವಾರ್ಡಿನಲ್ಲಿ ಕೆಲಸ ಮಾಡುವವಳು. ನರದ ಕಾಯಿಲೆ ಶುರುವಾದವರಲ್ಲಿ ಅಂಥ ಬರಹವನ್ನು ಎಷ್ಟೋ ಸಲ ನೋಡಿದ್ದೇನೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಅವರಿಗೆ ಹೊತ್ತು ಹಿಡಿಯುತ್ತಿದ್ದದ್ದು, ನಡೆಯುವಾಗ ಬಲಗೈ ಬೀಸದೆ ಸುಮ್ಮನೆ ಜೋತಿರುತ್ತಿದ್ದದ್ದು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕೂತೆ.

ಇದನ್ನು ಇಲ್ಲಿಯವರೆಗೆ ಬರೆದು, ಮುಂದಿನದನ್ನು ಬಿಟ್ಟುಬಿಡೋಣ ಅಂತ ಎರಡು ಸಲ ಎದ್ದು ಹೋಗಿದ್ದೇನೆ. ಅಲ್ಲಿ ಕೂತಾಗ ನನಗೆ ಮೊದಲು ಆದದ್ದು ಹೆದರಿಕೆಯಲ್ಲ, ದುಃಖವಲ್ಲ. ಸಮಾಧಾನ. ಹೋಗುವುದು ತಪ್ಪಿತು ಅನ್ನುವ ಸಮಾಧಾನ. ಒಂದು ಉಸಿರು ಒಳಗೆಳೆದುಕೊಳ್ಳುವಷ್ಟು ಹೊತ್ತು ಅದು ಇತ್ತು. ಆಮೇಲೆ ಹೆದರಿಕೆ ಬಂತು.

ನಾನು ಯಾರಿಗೂ ಹೇಳಲಿಲ್ಲ. ಸಂಸ್ಥೆಯವರ ವೈದ್ಯಕೀಯ ಪರೀಕ್ಷೆ ಎರಡು ಸಲ ಮುಂದಕ್ಕೆ ಹೋಗಿ ಹತ್ತು ದಿನದ ಆಚೆಗಿತ್ತು. ಅಲ್ಲೇ ಗೊತ್ತಾಗಲಿ ಅಂದುಕೊಂಡೆ. ಆ ಹತ್ತು ದಿನದ ನಡುವೆ ಚರ್ಚಿನಲ್ಲಿ ನಮ್ಮ ಬೀಳ್ಕೊಡುಗೆ ಇತ್ತು. ನಮ್ಮ ಮೂವರನ್ನೂ ಮುಂದೆ ನಿಲ್ಲಿಸಿ, ಹಿರಿಯರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಮುದುಕರು ಕಣ್ಣೊರೆಸಿಕೊಂಡರು. ನನ್ನ ಗಂಡ ಬಲಗೈಯನ್ನು ಜೇಬಿನಲ್ಲಿ ಇಟ್ಟುಕೊಂಡು ಸಣ್ಣ ದನಿಯಲ್ಲಿ ವಂದನೆ ಹೇಳಿದರು. ನಾವು ಹೋಗುವುದಿಲ್ಲ ಅಂತ ಆ ಇಡೀ ಹಾಲಿನಲ್ಲಿ ತಿಳಿದಿದ್ದವಳು ನಾನೊಬ್ಬಳೇ.

ಪರೀಕ್ಷೆಯ ದಿನ ಡಾಕ್ಟರು ರಕ್ತ, ಎದೆ ಎಲ್ಲ ನೋಡಿ, ಕೊನೆಗೆ, "ಕಾರಿಡಾರ್‌ನಲ್ಲಿ ಆ ತುದಿಯವರೆಗೆ ನಡೆದು ಬನ್ನಿ," ಅಂದರು. ಅವರು ನಡೆದು ಬಂದರು. "ಇನ್ನೊಂದು ಸಲ," ಅಂದರು ಡಾಕ್ಟರು. ಆಗಲೇ ನನ್ನ ಗಂಡ ನನ್ನ ಮುಖ ನೋಡಿದ್ದು. ಮೂರು ವಾರದ ನಂತರ ನರರೋಗ ತಜ್ಞರು ಪಾರ್ಕಿನ್ಸನ್ಸ್ ಕಾಯಿಲೆ ಅಂತ ಖಚಿತ ಮಾಡಿದರು.

ಡಬ್ಲಿನ್‌ನಲ್ಲಿ ನನ್ನ ಎದುರು ಕೂತಿದ್ದ ಹೆಂಗಸೇ ಫೋನ್ ಮಾಡಿದರು. ಮೆತ್ತಗೆ ಮಾತಾಡಿ, ಈ ಪರಿಸ್ಥಿತಿಯಲ್ಲಿ ಕಳಿಸಲು ಆಗುವುದಿಲ್ಲ ಅಂದರು. ಕಾರ್ಖಾನೆಯವರು ಗಂಡನನ್ನು ವಾಪಸ್ ತೆಗೆದುಕೊಂಡರು, ನನ್ನ ವಾರ್ಡಿನವರೂ ಕರೆದರು. ಬಾಡಿಗೆಗೆ ಬರಬೇಕಿದ್ದವರ ಹತ್ತಿರ ಕ್ಷಮೆ ಕೇಳಿದೆವು. ಚರ್ಚಿನಲ್ಲಿ ಜನಕ್ಕೆ ನಮ್ಮ ಹತ್ತಿರ ಏನು ಮಾತಾಡಬೇಕೋ ತಿಳಿಯುತ್ತಿರಲಿಲ್ಲ. ಚಹಾ ಕಪ್ಪು ಹಿಡಿದು ಬಂದು, ಹವೆಯ ಬಗ್ಗೆ ಎರಡು ಮಾತಾಡಿ ಹೋಗುತ್ತಿದ್ದರು. ಒಂದು ಸಂಜೆ ಆ ವಿಧವೆ ಬಾಗಿಲು ತಟ್ಟಿದರು. ಮೇಜನ್ನು ತಾವೇ ಅಂಗಳದವರೆಗೆ ಎಳೆದು ತಂದಿದ್ದರು. ಬೇಡವೆಂದರೂ ಕೇಳದೆ ಒಂದು ತುದಿ ಅವರು, ಒಂದು ತುದಿ ನಾನು ಹಿಡಿದು ಒಳಗೆ ತಂದೆವು. ಆಮೇಲೆ ಅಡುಗೆಮನೆಯಲ್ಲಿ ನಿಂತು ನಾನು ಅತ್ತಾಗ ಅವರು ನನ್ನ ಬೆನ್ನು ಸವರಿದರು. ನಾನು ಗಂಡನ ಕಾಯಿಲೆಗೆ ಅಳುತ್ತಿದ್ದೇನೆ ಅಂತಲೇ ಅವರು ತಿಳಿದಿದ್ದರು.

ದಿನಾ ನಡೆಯಬೇಕು ಅಂತ ಡಾಕ್ಟರು ಹೇಳಿದ್ದರು. ನವೆಂಬರಿನ ಒಂದು ಶನಿವಾರ ನಾವಿಬ್ಬರೂ ಲೀ ನದಿಯ ಪಕ್ಕದ ದಾರಿಯಲ್ಲಿ ಹೋಗುತ್ತಿದ್ದೆವು. ಅವರು ಇದ್ದಕ್ಕಿದ್ದಂತೆ, "ಕರೆದವನೇ ಯಾಕೆ ತಡೆದ ಅನ್ನೋದೇ ಗೊತ್ತಾಗ್ತಿಲ್ಲ. ನಾನೇ ತಪ್ಪು ಕೇಳಿಸ್ಕೊಂಡ್ನಾ?" ಅಂದರು.

ಇನ್ನು ಸುಮ್ಮನಿರಲು ನನ್ನಿಂದ ಆಗಲಿಲ್ಲ.

"ತಡಿ ಅಂತ ನಾನು ಕೇಳ್ಕೊಂಡಿದ್ದೆ," ಅಂದೆ. "ದಿನಾ. ನಂಗೆ ಯಾವ ಕರೆನೂ ಬಂದಿರ್ಲಿಲ್ಲ. ಡಬ್ಲಿನ್ನಲ್ಲಿ ಸುಳ್ಳು ಹೇಳ್ದೆ."

ಅವರು ನಿಂತರು. ಪ್ರಾರ್ಥನೆಯ ಮಾತಿಗೆ ಅವರು ಸಿಟ್ಟಾಗಲಿಲ್ಲ. "ಪ್ರಾರ್ಥನೆಯಿಂದ ಕಾಯಿಲೆ ಬರಲ್ಲ ಕಣೆ, ನೀನು ನರ್ಸು," ಅಂದರು. ಆಮೇಲೆ ಕೇಳಿದರು, "ಅಲ್ಲಿಗೆ ಬಂದು ಜೀವನ ಪೂರ್ತಿ ಹಂಗೇ ಇರ್ತಿದ್ಯಾ? ನಂಗೆ ಹೇಳ್ದೆ?"

"ಇರ್ತಿದ್ದೆ."

"ನನ್ನ ಕೈ ಹಿಂಗಾಗಿದ್ದು ನಿಂಗೆ ಯಾವಾಗ ಗೊತ್ತಾಯ್ತು?"

"ಆಗಸ್ಟಲ್ಲಿ. ಪೆಟ್ಟಿಗೆ ಮೇಲೆ ಬರೆದಿದ್ದು ನೋಡಿ."

"ಬೀಳ್ಕೊಡುಗೆಗೆ ಮುಂಚೆ."

"ಹೂಂ."

ಅವರು ತಿರುಗಿ ಕಾರಿನ ಕಡೆ ನಡೆದರು. ಚಿಕ್ಕ ಚಿಕ್ಕ ಹೆಜ್ಜೆ ಇಡುತ್ತಾ ಹೋಗುತ್ತಿದ್ದರು. ನಾನು ನಾಲ್ಕು ಮಾರು ಹಿಂದೆಯೇ ಉಳಿದೆ. ದಿನಾ ಸಂಜೆ ನನ್ನ ಪಕ್ಕ ಕೂತು, ಒಬ್ಬರಾದ ಮೇಲೆ ಒಬ್ಬರು ಪ್ರಾರ್ಥಿಸುತ್ತಿದ್ದ ಅವರು ಅವತ್ತಿನಿಂದ ಬೇರೆ ಕೋಣೆಯಲ್ಲಿ ಒಬ್ಬರೇ ಪ್ರಾರ್ಥನೆ ಮಾಡತೊಡಗಿದರು. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದರು, ಊಟ ಚೆನ್ನಾಗಿದೆ ಅನ್ನುತ್ತಿದ್ದರು. ಏನಾಗಿದೆ ಅಂತ ಮಗಳು ಕೇಳಲಿಲ್ಲ. ನಮ್ಮಿಬ್ಬರ ನಡುವಿನ ಕುರ್ಚಿಯಲ್ಲಿ ಕೂತು ಶಾಲೆಯ ಸುದ್ದಿಯನ್ನು ಬೇಕಾದ್ದಕ್ಕಿಂತ ಉದ್ದವಾಗಿ ಹೇಳುತ್ತಿದ್ದಳು.

ವಸಂತದಲ್ಲಿ ಸಂಸ್ಥೆಯವರಿಗೆ ಬೇರೆ ದಂಪತಿ ಸಿಕ್ಕರು. ಇಬ್ಬರೂ ಮೂವತ್ತರ ಒಳಗಿನವರು, ಇಲ್ಲಿಯವರೇ. ಹುಡುಗನಿಗೆ ಲ್ಯಾಬಿನ ಕೆಲಸ ಗೊತ್ತಿತ್ತು, ಸಾಮಾನು ತರಿಸಿ ಕಾಪಾಡುವ ಲೆಕ್ಕಾಚಾರ ಗೊತ್ತಿರಲಿಲ್ಲ. ನನ್ನ ಗಂಡ, "ನಾನು ಹೇಳಿಕೊಡ್ತೀನಿ," ಅಂದರು. ಐದು ಶನಿವಾರ ಆ ದಂಪತಿ ನಮ್ಮ ಮನೆಗೆ ಬಂದರು. ಗಂಡ ಹೇಳುತ್ತಾ ಹೋಗುವುದು, ಬರೆಯಲು ಕೈ ನಡೆಯದ್ದರಿಂದ ಮಗಳು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುವುದು.

ಕೊನೆಯ ಶನಿವಾರ ಆ ಹುಡುಗನ ಹೆಂಡತಿ ಅಡುಗೆಮನೆಗೆ ಬಂದು ನನ್ನ ಜೊತೆ ಪಾತ್ರೆ ಒರೆಸುತ್ತಿದ್ದಳು. ನಾನು ಮೆಲ್ಲಗೆ ಕೇಳಿದೆ, "ನಿನಗೆ ಹೋಗಲು ಇಷ್ಟವಿದೆಯಾ? ಇಲ್ಲದಿದ್ದರೆ ಈಗಲೇ ಹೇಳಿಬಿಡು. ನಾನು ನಿನ್ನ ಜೊತೆ ನಿಲ್ಲುತ್ತೇನೆ."

ಅವಳು ಆಶ್ಚರ್ಯದಿಂದ ನನ್ನನ್ನು ನೋಡಿದಳು. "ಹನ್ನೆರಡನೇ ವಯಸ್ಸಿನಿಂದ ಇದಕ್ಕೇ ಕಾಯುತ್ತಿದ್ದೇನೆ. ಇವನನ್ನು ಒಪ್ಪಿಸಿದ್ದೇ ನಾನು," ಅಂದಳು. ಹೇಳುವಾಗ ಅವಳ ಮುಖ ಕೆಂಪೇರಿತು. ನಾನು ಆ ಮುಖವನ್ನೇ ನೋಡುತ್ತಾ ನಿಂತೆ. ಡಬ್ಲಿನ್‌ನ ಆ ಹೆಂಗಸು ಕಾಯುತ್ತಾ ಹುಡುಕಿದ್ದು ಇಂಥ ಮುಖವನ್ನೇ ಇರಬೇಕು. ನನ್ನಲ್ಲಿ ಅದು ಸಿಗದಿದ್ದದ್ದು ಅವರಿಗೆ ಅಂದೇ ತಿಳಿದಿತ್ತೋ ಏನೋ.

ಅವರಿಬ್ಬರೂ ಜೂನ್‌ನಲ್ಲಿ ಮಲಾವಿಗೆ ಹೊರಟರು. ಲ್ಯಾಬು ಈಗ ನಡೆಯುತ್ತಿದೆ. ನನ್ನ ಗಂಡ ಈ ವರ್ಷ ಕೆಲಸ ಬಿಟ್ಟರು. ಕ್ಷಮಿಸಿದೆ ಅಂತ ಅವರು ಬಾಯಿಬಿಟ್ಟು ಹೇಳಿಲ್ಲ, ನಾನೂ ಕೇಳಿಲ್ಲ. ಆದರೆ ಆ ದಂಪತಿ ಹೊರಟ ದಿನ ಸಂಜೆ ಅವರು ಸತ್ಯವೇದ ಹಿಡಿದು ಬಂದು ಸೋಫಾದಲ್ಲಿ ನನ್ನ ಪಕ್ಕ ಕೂತರು. ಪ್ರಯಾಣಕ್ಕಾಗಿ, ಆಸ್ಪತ್ರೆಗಾಗಿ, ಮಗಳ ಪರೀಕ್ಷೆಗಾಗಿ ಬೇಡಿಕೊಂಡರು. ಆಮೇಲೆ ಮೊದಲಿನ ಹಾಗೆ ನನ್ನ ಸರದಿಗೆ ಅಂತ ನಿಲ್ಲಿಸಿದರು.

"ಏನು ಕೇಳ್ಬೇಕೋ ನಂಗೆ ಗೊತ್ತಾಗ್ತಿಲ್ಲ," ಅಂದೆ.

"ಅದನ್ನೇ ಹೇಳು," ಅಂದರು.

ಅದನ್ನೇ ಹೇಳಿದೆ. ಅವರು ಆಮೆನ್ ಅಂದರು.