ಟಾರ್ಗೆಟ್ ಮೀರಿದ ವಾರ

ಆಸ್ಟ್ರೇಲಿಯಾದಲ್ಲಿ ಓದುತ್ತಿದ್ದಾಗ ಡ್ಯಾಂಡಿನಾಂಗ್‌ನ ಒಂದು ಫ್ಯಾಕ್ಟರಿಯಲ್ಲಿ ಬಿಸ್ಕತ್ತಿನ ಪೆಟ್ಟಿಗೆ ಪ್ಯಾಕ್ ಮಾಡುತ್ತಿದ್ದೆ. ಶಿಫ್ಟಿಗೆ ಮುನ್ನೂರು ಪೆಟ್ಟಿಗೆ ಟಾರ್ಗೆಟ್. ಕೆಲಸ ಖಾಯಂ ಆಗಲಿ ಅಂತ ನಾನು ದಿನಾ ನಾನೂರು ಮುಗಿಸತೊಡಗಿದೆ.

ಪಕ್ಕದಲ್ಲಿ ವಿಕ್ಟರ್ ಅಂತ ಒಬ್ಬ ಮುದುಕ. ಸೋವಿಯತ್ ಕಾಲದ ಸರ್ಕಾರಿ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ದುಡಿದವನು.

"ನಿಧಾನ ಕಣಯ್ಯಾ," ಎಂದ. "ನಾನೂ ಹೀಗೇ ಯೋಜನೆಯ ಗುರಿ ಮೀರಿ ಮೆಡಲ್ ತಗೊಂಡೆ. ಮರುದಿನವೇ ಎಲ್ಲರ ಗುರಿಯನ್ನೂ ಏರಿಸಿಬಿಟ್ಟರು."

"ಅದು ಕಮ್ಯುನಿಸಂ, ವಿಕ್ಟರ್. ಇದು ಆಸ್ಟ್ರೇಲಿಯಾ," ಎಂದು ಅವನಿಗೇ ಪಾಠ ಹೇಳಿದೆ, ಬುದ್ಧಿಗೇಡಿ ನಾನು.

ಶುಕ್ರವಾರ ಸೂಪರ್‌ವೈಸರ್ ಎಲ್ಲರೆದುರು ಬೆನ್ನು ತಟ್ಟಿ, ಕಂಪನಿಯ ಹೆಸರಿದ್ದ ಕಾಫಿ ಮಗ್ ಕೊಟ್ಟ. ಸೋಮವಾರ ಬಂದು ನೋಡಿದರೆ ಬೋರ್ಡಿನಲ್ಲಿ ಮುನ್ನೂರು ಅಳಿಸಿ ನಾನೂರು ಬರೆದಿದ್ದರು. ಎಲ್ಲರಿಗೂ.

ಮಧ್ಯಾಹ್ನ ಹೊಸ ಮಗ್ಗಿನಲ್ಲಿ ಕಾಫಿ ತುಂಬಿಕೊಂಡು, ಚಿತ್ರಾನ್ನದ ಡಬ್ಬಿ ಬಿಚ್ಚಿ ಕೂತೆ. ಅಲ್ಲೇ ಕೆಲಸ ಮಾಡುತ್ತಿದ್ದ ನನ್ನ ರೂಮ್‌ಮೇಟೂ ಸೇರಿದಂತೆ ಇಡೀ ಟೇಬಲ್ಲೇ ಎದ್ದು ಹೋಯಿತು. ವಿಕ್ಟರ್ ಒಬ್ಬನೇ ಬಂದು ಎದುರು ಕೂತ.

"ಇನ್ನೆಷ್ಟು ದಿನ ಹೀಗೆ?" ಎಂದೆ.

ಅವನು ನನ್ನ ಮಗ್ ಎತ್ತಿ ಸುತ್ತಲೂ ತಿರುಗಿಸಿ ನೋಡಿದ.

"ನನ್ನದು ಮೆಡಲ್ಲು, ಒಂದು ವರ್ಷ ಯಾರೂ ಮಾತಾಡಿಸಲಿಲ್ಲ. ಇದು ಬರೀ ಮಗ್. ಒಂದು ವಾರ ಸಾಕು."